ನಲವತ್ತೇಳರ ಹಿಂದಿನ ಹಾಳೆ

ಇಸ್ತ್ರಿ ಸಾಹೇಬರು ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಒಂದೇ ಒಂದು ಸುಳ್ಳನ್ನೂ ಬರೆದವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಸಿಕ್ಕಸಿಕ್ಕವರಿಗೆಲ್ಲ ಅವರೇ ಹೇಳಿಕೊಂಡು ಬಂದ ಮಾತು ಅದು. ವಿಶ್ವವಿದ್ಯಾಲಯದ ಪ್ರಕಟಣಾಧಿಕಾರಿ ಅಂದರೆ ಸಾಮಾನ್ಯದ ಕೆಲಸವೇ? ಕುಲಪತಿಗಳ ಹೆಸರಿನಲ್ಲಿ ಹೊರಗೆ ಹೋಗುವ ಪ್ರತಿ ವಾಕ್ಯವೂ ಅವರ ಮೇಜಿನ ಮೇಲೆ ಹುಟ್ಟಬೇಕು. ಪರೀಕ್ಷೆ ಮುಂದಕ್ಕೆ ಹೋಯಿತು, ಪ್ರಯೋಗಾಲಯಕ್ಕೆ ಬೆಂಕಿ ಬಿತ್ತು, ಯಾವನೋ ಪ್ರಾಧ್ಯಾಪಕ ಸಭೆಯಲ್ಲಿ ಬಾಯಿಗೆ ಬಂದದ್ದು ಮಾತಾಡಿ ಮಂತ್ರಿಗಳ ಕಣ್ಣು ಕೆಂಪಾಯಿತು, ಏನೇ ಆಗಲಿ, ಎಷ್ಟೇ ಮುದುಡಿಕೊಂಡು ಬಂದಿರಲಿ, ಸಾಹೇಬರ ಕೈಗೆ ಸಿಕ್ಕರೆ ಅರ್ಧ ಗಂಟೆಯಲ್ಲಿ ಒಂದು ಸುಕ್ಕೂ ಇಲ್ಲದೆ ಹೊರಬರುತ್ತಿತ್ತು. ಅದಕ್ಕೇ ಕಚೇರಿಯವರು ಇಸ್ತ್ರಿ ಎಂದು ಹೆಸರಿಟ್ಟಿದ್ದರು. "ಸಾರ್, ಬಿಸಿ ಇದೆಯಾ?" ಎಂದು ಯಾರಾದರೂ ಬಾಗಿಲಲ್ಲಿ ತಲೆ ತೂರಿಸಿ ಕೇಳಿದರೆ ಅವರಿಗೆ ಕೋಪ ಬರುತ್ತಿರಲಿಲ್ಲ. ಒಳಗೊಳಗೇ ಖುಷಿಯಾಗುತ್ತಿತ್ತು.

ಪ್ರಕಟಣೆ ಹೊರಡುವುದಕ್ಕೂ ಒಂದು ಕ್ರಮವಿತ್ತು. ಬರೆದದ್ದನ್ನು ಸಾಹೇಬರು ಕುಲಪತಿಗಳ ಕೋಣೆಗೆ ಹೋಗಿ, ನಿಂತುಕೊಂಡು, ಗಟ್ಟಿಯಾಗಿ ಓದಬೇಕು. ಕುಲಪತಿಗಳು ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಾರೆ. ಯಾವ ವಾಕ್ಯಕ್ಕೆ ಅವರ ಕಣ್ಣು ತೆರೆಯಿತೋ ಆ ವಾಕ್ಯಕ್ಕೆ ಅಲ್ಲಿಗೇ ಆಯಸ್ಸು ಮುಗಿಯಿತು. ಕೊನೆಯವರೆಗೂ ಕಣ್ಣು ಮುಚ್ಚಿಯೇ ಇದ್ದರೆ ಪ್ರಕಟಣೆಗೆ ಸಂಖ್ಯೆ ಬೀಳುತ್ತದೆ. ಒಂದು ಪ್ರತಿ ಪತ್ರಿಕೆಗಳಿಗೆ, ಒಂದು ಪ್ರತಿ ಕೆಳಗಿನ ನೋಂದಣಿ ಕೌಂಟರಿನ ಪಕ್ಕದ ಬೋರ್ಡಿಗೆ, ಒಂದು ಪ್ರತಿ ಪೆಟ್ಟಿಗೆಗೆ. ಪೆಟ್ಟಿಗೆಯದ್ದೆಲ್ಲ ವರ್ಷ ಮುಗಿದ ಮೇಲೆ ಗ್ರಂಥಾಲಯದ ನೆಲಮಾಳಿಗೆಗೆ ಇಳಿದು, ಅಲ್ಲಿ ಪುಸ್ತಕ ಹೊಲಿಯುವ ಬೈಂಡರಣ್ಣನ ದಬ್ಬಣ ದಾರಕ್ಕೆ ಸಿಕ್ಕಿ, ನೀಲಿ ಬಟ್ಟೆಯ ರಟ್ಟಿನೊಳಗೆ ಕೂತು ಅಲ್ಲಿನ ಕಪಾಟು ಸೇರುತ್ತದೆ. ಹೇಳಿದ್ದು ತಪ್ಪಾಗಿತ್ತು ಎಂದು ಆಮೇಲೆ ಒಪ್ಪಿಕೊಂಡರೆ ಆ ತಿದ್ದುಪಡಿಯನ್ನು ತಪ್ಪಿನ ಹಾಳೆಯ ಹಿಂದೆಯೇ ಹೊಲಿಯಬೇಕು, ಅದೇ ಸಂಖ್ಯೆಗೆ ಒಂದು 'ಅ' ಸೇರಿಸಿ. ಹತ್ತೊಂಬತ್ತು ವರ್ಷಗಳಲ್ಲಿ ಅಂಥ ಹಾಳೆ ಮೂರೋ ನಾಲ್ಕೋ ಬಂದಿದ್ದವು, ಎಲ್ಲವೂ ಪರೀಕ್ಷೆಯ ತಾರೀಕಿನವು.

ಸಂಖ್ಯೆ ನಲವತ್ತೇಳು ಕಳೆದ ವರ್ಷದ್ದು.

ಆ ವಿಶ್ವವಿದ್ಯಾಲಯದಲ್ಲಿ ಖಾಲಿ ದಿನಗಳು ಎಂಬುದೊಂದಿತ್ತು. ಹಳೆಯ ಅವಧಿ ಭಾನುವಾರ ಮುಗಿದರೆ ಹೊಸ ಅವಧಿಯ ನೋಂದಣಿ ಗುರುವಾರ ಶುರು. ನಡುವಿನ ಸೋಮವಾರ, ಮಂಗಳವಾರ, ಬುಧವಾರ ಹಾಜರಿ ಪಟ್ಟಿಯಲ್ಲಿ ಒಂದು ಹೆಸರೂ ಇರುವುದಿಲ್ಲ. ಹನ್ನೊಂದು ಸಾವಿರ ಮಕ್ಕಳು ಆ ಮೂರು ದಿನ ಕಾಗದದ ಮೇಲೆ ಯಾರೂ ಅಲ್ಲ. ಯಾವ ಕಾಲದ ಗುಮಾಸ್ತ ಇದನ್ನು ಶುರುಮಾಡಿದನೋ ಗೊತ್ತಿಲ್ಲ, ಯಾರಿಗೂ ಅದರಿಂದ ತೊಂದರೆಯೂ ಆಗಿರಲಿಲ್ಲ. ಕಳೆದ ವರ್ಷ ಮಂತ್ರಿಗಳು ನಡೆಸುವ ದೊಡ್ಡ ಸಮ್ಮೇಳನಕ್ಕೆ ಅತಿಥಿಗಳನ್ನು ಇಳಿಸಲು ಜಾಗ ಬೇಕಾಯಿತು. ಹೆಣ್ಣುಮಕ್ಕಳ ಹಾಸ್ಟೆಲನ್ನು ಎರಡೇ ದಿನದಲ್ಲಿ ಬಿಡಿಸಬೇಕಾಯಿತು. ಆಗ ಇಸ್ತ್ರಿ ಸಾಹೇಬರಿಗೆ ಖಾಲಿ ದಿನಗಳ ನೆನಪು ಬಂತು. "ನೋಂದಾಯಿತ ವಿದ್ಯಾರ್ಥಿನಿಯರು ಇಲ್ಲದ ಅವಧಿಯಲ್ಲಿ ವಸತಿನಿಲಯವನ್ನು ತಾತ್ಕಾಲಿಕವಾಗಿ ಬಳಸಿಕೊಳ್ಳಲಾಗುವುದು." ಸಂಖ್ಯೆ ನಲವತ್ತಾರು. ಕುಲಪತಿಗಳ ಕಣ್ಣು ತೆರೆಯಲಿಲ್ಲ. ಎಷ್ಟು ಚೆಂದ, ಎಷ್ಟು ನಯ! ಹುಡುಗಿಯರ ಟ್ರಂಕು, ಹಾಸಿಗೆ, ಬಕೆಟ್ಟುಗಳು ಮಾತ್ರ ಹುಲ್ಲಿನ ಮೇಲೆ ಬಂದು ಬಿದ್ದವು.

ಮಂಗಳವಾರ ಆ ಹುಡುಗಿಯರೂ ಅವರ ಗೆಳೆಯ ಗೆಳತಿಯರೂ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಘೋಷಣೆ ಕೂಗಿದರು. ಮಧ್ಯಾಹ್ನ ಪೊಲೀಸರು ಬಂದರು. ಮೆಟ್ಟಿಲ ತುದಿಯ ಕಬ್ಬಿಣದ ಗೇಟಿಗೆ ಬೀಗ ಹಾಕಿತ್ತು. ಕೆಳಗಿಂದ ನೂಕಿದರು, ಮೇಲಿದ್ದವರಿಗೆ ಹೋಗಲು ಜಾಗವಿರಲಿಲ್ಲ. ಹನ್ನೊಂದು ಜನಕ್ಕೆ ಪೆಟ್ಟಾಯಿತು. ಒಬ್ಬಳು ಗೇಟಿಗೆ ಒತ್ತಿಕೊಂಡೇ ಸತ್ತಳು. ಅವಳು ಬೈಂಡರಣ್ಣನ ಮಗಳು, ಒಬ್ಬಳೇ ಮಗಳು.

"ಹೊರಗಿನವರು ನುಗ್ಗಿದ್ರು ಅಂತ ಐದು ಗಂಟೆಯೊಳಗೆ ಪ್ರಕಟಣೆ ಬರಬೇಕು" ಎಂದು ಮಂತ್ರಿಗಳ ಕಡೆಯಿಂದ ಫೋನು ಬಂತು. ಕುಲಪತಿಗಳು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡಿದರು. ಅವರೂ ಕೆಟ್ಟ ಮನುಷ್ಯರಲ್ಲ. ಗಿಡಗಳ ಬೇರಿನ ಮೇಲೆ ದಪ್ಪ ಪುಸ್ತಕ ಬರೆದವರು, ಇರುವೆ ಕಂಡರೂ ದಾಟಿ ನಡೆಯುವವರು. "ಸುಳ್ಳು ಹೇಳೋಕೆ ಆಗಲ್ಲ ನನ್ನಿಂದ. ಹೇಳದೇ ಇದ್ರೆ ನಾಳೆ ನಾನಿಲ್ಲಿ ಇರಲ್ಲ. ಏನು ಮಾಡ್ಲಿ ಹೇಳಿ" ಎಂದರು. ಯಾರೂ ಇಸ್ತ್ರಿ ಸಾಹೇಬರನ್ನು ಒತ್ತಾಯ ಮಾಡಲಿಲ್ಲ. ಬಂದೂಕು ಹಿಡಿದು ಯಾರೂ ಬೆನ್ನ ಹಿಂದೆ ನಿಂತಿರಲಿಲ್ಲ. ಅವರೇ ಗಂಟಲು ಸರಿಮಾಡಿಕೊಂಡು, "ಸಾರ್, ಇವತ್ತು ಖಾಲಿ ದಿನ" ಎಂದರು.

"ಮೃತ ಯುವತಿಯು ಘಟನೆಯ ದಿನದಂದು ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿರಲಿಲ್ಲ ಎಂಬುದನ್ನು ದಾಖಲೆಗಳು ದೃಢಪಡಿಸುತ್ತವೆ." ಸಂಖ್ಯೆ ನಲವತ್ತೇಳು. ಅಕ್ಷರಕ್ಕೆ ಅಕ್ಷರ ಸತ್ಯ. ಹೊರಗಿನವರು ಎಂಬ ಪದ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಮರುದಿನದ ಪತ್ರಿಕೆಗಳೆಲ್ಲ ಅದೇ ಪದವನ್ನು ದಪ್ಪ ಅಕ್ಷರದಲ್ಲಿ ಹಾಕಿದವು, ಅದಕ್ಕೆ ಸಾಹೇಬರು ಏನು ಮಾಡಿಯಾರು?

ಆ ಪತ್ರಿಕೆಯಲ್ಲಿ ಅವಳ ಭಾವಚಿತ್ರವೂ ಇತ್ತು. ಕಾಫಿ ಲೋಟ ಹಿಡಿದು ಅದನ್ನು ನೋಡಿದಾಗ ಸಾಹೇಬರು ಲೋಟವನ್ನು ಕುಡಿಯದೆ ಕೆಳಗಿಟ್ಟರು.

ಆ ಮುಖವನ್ನು ಅವರು ಹಿಂದಿನ ದಿನವಷ್ಟೇ ನೋಡಿದ್ದರು. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಒಬ್ಬ ಹುಡುಗಿ ಅವರ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ತುಂಬಿದ ನೋಂದಣಿ ಅರ್ಜಿ, ಹಳದಿ ಬಣ್ಣದ್ದು. "ಸರ್, ಕೌಂಟರ್ ಯಾವಾಗ ತೆರೀತಾರೆ?" ಎಂದು ಕೇಳಿದಳು. ಅಪರೂಪಕ್ಕೆ ಯಾರಾದರೂ ಹೀಗೆ ಮುಂಚೆಯೇ ಬಂದರೆ ಒಂದು ಚೀಟಿ ಬರೆದುಕೊಟ್ಟು ಒಳಗಿನ ಗುಮಾಸ್ತೆಯ ಬಳಿ ಕಳಿಸುವ ಪದ್ಧತಿ ಇತ್ತು. ಆ ಚೀಟಿ ಬರೆಯುವ ಅಧಿಕಾರ ಸಾಹೇಬರಿಗೂ ಇತ್ತು. ಎರಡು ಸಾಲಿನ ಚೀಟಿ. ಆದರೆ ಆಗ ಹಾಸ್ಟೆಲಿನ ವಿಷಯ ಕೇಳಲು ಪತ್ರಿಕೆಯವರ ಫೋನಿನ ಮೇಲೆ ಫೋನು ಬರುತ್ತಿತ್ತು. ಸಾಹೇಬರು ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, ತಲೆಯನ್ನೂ ಸರಿಯಾಗಿ ಎತ್ತದೆ, "ಗುರುವಾರ ಬಾ" ಅಂದರು. ಅವಳು "ಆಯ್ತು ಸರ್" ಎಂದು ಹೋದಳು.

ಇದನ್ನು ಅವರು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಇಲ್ಲ.

ಅವಳು ಗುರುವಾರ ಬಂದಳು.

ಹಾಗೆಂದು ಸಾಹೇಬರು ಬಾಯಿಬಿಟ್ಟು ಹೇಳುವವರಲ್ಲ, ಅವರಿಗೆ ಅಂಥದ್ದರಲ್ಲಿ ನಂಬಿಕೆಯೂ ಇರಲಿಲ್ಲ. ಆದರೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿತು. ಬಾಗಿಲ ಹತ್ತಿರ ನಿಂತಿತು. ಕಾಗದ ಸರಸರ ಎಂದಿತು. "ಸರ್, ಕೌಂಟರ್ ಯಾವಾಗ ತೆರೀತಾರೆ?" ತಲೆ ಎತ್ತಿದರೆ ಬಾಗಿಲು, ಬಾಗಿಲ ಆಚೆ ಗೋಡೆ, ಗೋಡೆಯ ಮೇಲೆ ಹಳೆಯ ಕುಲಪತಿಗಳ ಸಾಲು ಚಿತ್ರಗಳು. ಮುಂದಿನ ಗುರುವಾರವೂ ಅಷ್ಟೇ. ಅದರ ಮುಂದಿನದೂ. ಕಿವಿಯ ಡಾಕ್ಟರಿಗೆ ತೋರಿಸಿದರು. ಕಿವಿ ಶುದ್ಧವಾಗಿದೆ ಎಂದ ಅವನು. ಕೋಣೆ ಬದಲಾಯಿಸಿಕೊಂಡು ಕಾರಿಡಾರಿನ ಇನ್ನೊಂದು ತುದಿಗೆ ಹೋದರು. ಚಪ್ಪಲಿಯ ಸದ್ದು ಇನ್ನೂ ನಲವತ್ತು ಹೆಜ್ಜೆ ನಡೆದು ಬಂತು. ಒಂದು ಗುರುವಾರ ರಜೆ ಹಾಕಿ ಮನೆಯಲ್ಲೇ ಕೂತರು. ಹತ್ತು ಗಂಟೆ ಹತ್ತು ನಿಮಿಷಕ್ಕೆ ಅಡುಗೆಮನೆಯ ಬಾಗಿಲಿಂದ ಆ ಪ್ರಶ್ನೆ ಬಂತು. ಆಮೇಲೆ ರಜೆ ಹಾಕುವುದನ್ನು ಬಿಟ್ಟರು, ಕಚೇರಿಯದ್ದು ಕಚೇರಿಯಲ್ಲೇ ಇರಲಿ ಎಂದು.

ಅವಳು ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ಸರದಿಯಲ್ಲಿ ನಿಂತವರು ಕೇಳುವ ಹಾಗೆ ಕೇಳುತ್ತಿದ್ದಳು. ಅದೇ ಸಾಹೇಬರಿಗೆ ತಡೆಯಲಾಗುತ್ತಿರಲಿಲ್ಲ.

ಹೀಗೇ ಒಂದು ವರ್ಷ ಉರುಳಿ ಮತ್ತೆ ಖಾಲಿ ದಿನಗಳು ಬಂದವು. ಸೋಮವಾರ ಬೆಳಿಗ್ಗೆ ಬೈಂಡರಣ್ಣ ಮೇಲೆ ಬಂದ.

ಇಬ್ಬರದ್ದೂ ಹಳೆಯ ಪರಿಚಯ. ಸಾಹೇಬರ ಮಗಳು ಚಿಕ್ಕವಳಿದ್ದಾಗ ಬೈಂಡರಣ್ಣ ಕತ್ತರಿಸಿ ಉಳಿದ ಕಾಗದದ ಚೂರುಗಳನ್ನು ಸೇರಿಸಿ ಅಂಗೈಯಗಲದ ನೋಟ್‌ಬುಕ್ಕುಗಳನ್ನು ಹೊಲಿದುಕೊಡುತ್ತಿದ್ದ. "ನನ್ನ ಮಗಳಿಗೊಂದು, ನಿಮ್ಮ ಮಗಳಿಗೊಂದು" ಎನ್ನುತ್ತಿದ್ದ. ಸಾವಿನ ಮನೆಗೆ ಸಾಹೇಬರು ಹೋಗಿರಲಿಲ್ಲ. ಹೋಗಲು ಮುಖವಿರಲಿಲ್ಲ. ಒಂದು ವರ್ಷ ನೆಲಮಾಳಿಗೆಯ ಕಡೆ ತಲೆಯನ್ನೂ ಹಾಕಿರಲಿಲ್ಲ.

ಬೈಂಡರಣ್ಣ ಕೂರಲಿಲ್ಲ. ಅಂಟು ಒಣಗಿ ಬೆಳ್ಳಗಾದ ಬೆರಳುಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ನಿಂತ.

"ಕಳೆದ ವರ್ಷದ ಪೆಟ್ಟಿಗೆ ಬಂತು ಸಾರ್. ಎಲ್ಲ ಹಾಳೆ ಜೋಡಿಸಿ ಇಟ್ಟಿದೀನಿ. ಒಂದು ಕೇಳಬೇಕಿತ್ತು."

"ಕೇಳಪ್ಪ."

"ನಲವತ್ತೇಳರ ಹಿಂದೆ ಇನ್ನೊಂದು ಹಾಳೆ ಬರುತ್ತಾ?"

ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು.

"ಹೊಲಿದುಬಿಟ್ಟರೆ ಆಮೇಲೆ ಸೇರಿಸೋಕೆ ಬರಲ್ಲ ಸಾರ್. ಬಿಚ್ಚಿದರೆ ಹಾಳೆಗಳೆಲ್ಲ ಹರಿಯುತ್ತವೆ. ಅದಕ್ಕೇ ಮೊದಲೇ ಕೇಳ್ತಾ ಇದೀನಿ. ಗುರುವಾರ ಹೊಲೀತೀನಿ."

"ನೋಡೋಣ" ಎಂದರು ಸಾಹೇಬರು.

"ನನಗೆ ಬೇರೆ ಏನೂ ಬೇಡ. ಯಾರನ್ನೂ ಶಿಕ್ಷಿಸಿ ಅಂತಲೂ ಕೇಳ್ತಾ ಇಲ್ಲ. ಅವಳು ನಮ್ಮ ವಿದ್ಯಾರ್ಥಿನಿ ಅಂತ ಒಂದು ಸಾಲು ಸಾಕು. ಘೋಷಣೆ ಕೂಗೋಕೇ ಬಂದಿದ್ಲು, ಅದನ್ನೂ ಮುಚ್ಚಿಡಬೇಡಿ. ಗೆಳತಿಯರ ಟ್ರಂಕು ಬೀದಿಗೆ ಬಿದ್ದಿದ್ದವು, ಕೂಗಿದ್ಲು. ಆದರೆ ಹೊರಗಿನವಳಲ್ಲ ಸಾರ್. ಈ ಕಟ್ಟಡದ ನೆಲದ ಮೇಲೆ ಅಂಬೆಗಾಲಿಟ್ಟವಳು ಅವಳು."

ಅವನು ಹೋದ ಮೇಲೆ ಸಾಹೇಬರು ಲೆಕ್ಕ ಹಾಕಿದರು. ಒಂದು ಸಾಲು. ಹತ್ತೊಂಬತ್ತು ವರ್ಷಗಳಲ್ಲಿ ಎಷ್ಟು ಸಾವಿರ ಸಾಲು ಬರೆದಿಲ್ಲ! ಈ ಒಂದು ಸಾಲು ಬರೆದರೆ, ಅವಳು ವಿದ್ಯಾರ್ಥಿನಿಯೇ ಆಗಿದ್ದರೆ, ಹಾಸ್ಟೆಲು ಬಿಡಿಸಿದ್ದು ಹೇಗೆ ಎಂದು ಕೇಳುತ್ತಾರೆ. ಪೊಲೀಸರನ್ನು ಒಳಗೆ ಬಿಟ್ಟವರು ಯಾರು, ಗೇಟಿನ ಬೀಗದ ಕೀಲಿ ಯಾರ ಬಳಿ ಇತ್ತು ಎಂದು ಕೇಳುತ್ತಾರೆ. ಒಂದು ದಾರ ಎಳೆದರೆ ಇಡೀ ಹೊಲಿಗೆಯೇ ಬಿಚ್ಚಿಕೊಳ್ಳುತ್ತದೆ. ಕುಲಪತಿಗಳು ಮನೆಗೆ ಹೋಗುತ್ತಾರೆ. ಅವರಿಗಿಂತ ಮೊದಲು ಇಸ್ತ್ರಿ ಸಾಹೇಬರು ಹೋಗುತ್ತಾರೆ.

ಸಂಜೆ ಮನೆಗೆ ಬಂದಾಗ ಮಗಳು ಹೊರಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಅದೇ ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷ ಮುಗಿಸಿದ್ದಳು.

"ಇವತ್ತು ಗ್ರಂಥಾಲಯದಲ್ಲಿ ನನ್ನ ಒಳಗೆ ಬಿಡಲಿಲ್ಲ ಅಪ್ಪ."

"ಖಾಲಿ ದಿನ ಅಲ್ವೇನಮ್ಮ. ಗುರುವಾರ..." ಎಂದವರು ಅಲ್ಲಿಗೇ ನಿಲ್ಲಿಸಿದರು.

"ಕಾರ್ಡು ತೋರಿಸಿದೆ. ಇವತ್ತು ನೀವು ವಿದ್ಯಾರ್ಥಿನಿ ಅಲ್ಲ ಅಂದ್ರು." ಮಗಳು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. "ಹಾಗಾದರೆ ನಾಳೆ ನನಗೇನಾದರೂ ಆದರೆ ನೀನು ಏನು ಬರೀತೀಯ ಅಪ್ಪ?"

ಒಳಗಿಂದ ಹೆಂಡತಿ "ಏನೇ ಅದು ಅಪಶಕುನದ ಮಾತು!" ಎಂದು ಗದರಿದಳು. ಮಗಳು ಕೇಳಿಸಿಕೊಳ್ಳಲಿಲ್ಲ.

"ನನ್ನ ಯಾರೂ ಬೈಯಲ್ಲ ಗೊತ್ತಾ? ಬೈದಿದ್ದರೆ ಚೆನ್ನಾಗಿರ್ತಿತ್ತು. ನಾನು ಹೋಗಿ ಕೂತರೆ ಎಲ್ಲರೂ ಮಾತು ನಿಲ್ಲಿಸ್ತಾರೆ, ಅಷ್ಟೇ. ಕ್ಯಾಂಟೀನಲ್ಲಿ ನಾನು ಮೇಜಿನ ಹತ್ತಿರ ಬರುವಾಗ ಚಮಚದ ಸದ್ದು ಕೂಡ ನಿಲ್ಲುತ್ತೆ. ಅವಳೂ ನಾನೂ ಒಂದೇ ಥರದ ನೋಟ್‌ಬುಕ್ ಇಟ್ಕೊಂಡಿದ್ವಿ ಅಪ್ಪ. ಬೈಂಡರಣ್ಣ ಹೊಲಿದಿದ್ದು."

ಸಾಹೇಬರಿಗೆ ಅಳು ಬಂತು. ಆದರೆ ಅಭ್ಯಾಸಬಲ ನೋಡಿ, ಬಾಯಿಂದ ಬಂದದ್ದು "ವಿಚಾರ ಮಾಡ್ತಾ ಇದೀವಿ ಕಣಮ್ಮ" ಎಂಬ ಮಾತು. ಸ್ವಂತ ಮಗಳಿಗೂ ಒಂದು ಪ್ರಕಟಣೆ ಹೊರಡಿಸಿ ಒಳಗೆ ಹೋದರು.

ಮಂಗಳವಾರ, ಅವಳು ಸತ್ತು ಒಂದು ವರ್ಷವಾದ ದಿನ, ಸಾಹೇಬರು ಬರೆದೇಬಿಟ್ಟರು. ಕುಲಪತಿಗಳ ಮುಂದೆ ನಿಂತು ಓದಿದರು. "ಕಳೆದ ವರ್ಷ ಗ್ರಂಥಾಲಯದ ಮೆಟ್ಟಿಲ ಮೇಲೆ ಮೃತಪಟ್ಟವಳು ನಮ್ಮ ವಿದ್ಯಾರ್ಥಿನಿ."

ಮೊದಲ ವಾಕ್ಯಕ್ಕೇ ಕುಲಪತಿಗಳ ಕಣ್ಣು ತೆರೆಯಿತು. ಮುಚ್ಚಲೇ ಇಲ್ಲ.

"ಕೂತ್ಕೊಳ್ಳಿ" ಎಂದರು. ಸಾಹೇಬರು ಆ ಕೋಣೆಯಲ್ಲಿ ಕೂತದ್ದು ಅದೇ ಮೊದಲು. "ನನಗೂ ನಿದ್ದೆ ಬರಲ್ಲ, ನಿಮಗೆ ಗೊತ್ತಿರಲಿ. ಆದರೆ ನಾನು ಹೋದರೆ ಯಾರು ಬಂದು ಈ ಕುರ್ಚೀಲಿ ಕೂರ್ತಾರೆ ಅನ್ನೋದೂ ನಿಮಗೆ ಗೊತ್ತು. ಅವರ ಪಟ್ಟಿ ರೆಡಿ ಇದೆ. ಎರಡು ವಿಭಾಗ ಮುಚ್ಚುತ್ತಾರಂತೆ. ಏಳು ಜನ ಮೇಷ್ಟ್ರುಗಳನ್ನ ಮನೆಗೆ ಕಳಿಸ್ತಾರಂತೆ. ಸತ್ತವಳಂತೂ ಬರಲ್ಲ. ಇರೋರನ್ನ ಕಾಪಾಡೋದು ಬೇಡವಾ?"

ಅದು ಪೂರ್ತಿ ಸುಳ್ಳಾಗಿದ್ದರೆ ಸಾಹೇಬರು ಉತ್ತರ ಕೊಡಬಹುದಿತ್ತು.

ಕುಲಪತಿಗಳು ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟರು. "ಆ ತಂದೆಗೂ ಒಂದು ಸಮಾಧಾನ ಬೇಕು, ಒಪ್ತೀನಿ. ಇದನ್ನ ಒಂಚೂರು ಇಸ್ತ್ರಿ ಮಾಡ್ಕೊಂಡು ಬನ್ನಿ."

ಆ ಅಡ್ಡಹೆಸರು ಅಲ್ಲಿಯವರೆಗೂ ಹೋಗಿದೆ ಎಂದು ಸಾಹೇಬರಿಗೆ ಗೊತ್ತಿರಲಿಲ್ಲ. ಮೊದಲ ಸಲ ಅದು ಖುಷಿ ಕೊಡಲಿಲ್ಲ. ಆದರೂ ಹೋಗಿ ಇಸ್ತ್ರಿ ಮಾಡಿದರು. ಕೈ ತನ್ನಷ್ಟಕ್ಕೆ ತಾನೇ ಓಡಿತು. "ಕಳೆದ ವರ್ಷದ ದುರದೃಷ್ಟಕರ ಘಟನೆಗೆ ಸಂಬಂಧಿಸಿದ ದಾಖಲೆಗಳನ್ನು ಸೂಕ್ತ ಸಮಯದಲ್ಲಿ ಮರುಪರಿಶೀಲಿಸಲು ವಿಶ್ವವಿದ್ಯಾಲಯವು ಮುಕ್ತ ಮನಸ್ಸನ್ನು ಹೊಂದಿದೆ." ಮತ್ತೆ ನಿಂತು ಓದಿದರು. ಕುಲಪತಿಗಳ ಕಣ್ಣು ಕೊನೆಯವರೆಗೂ ಮುಚ್ಚಿಯೇ ಇತ್ತು. ಸಂಖ್ಯೆ ಬಿತ್ತು: ನಲವತ್ತೇಳು ಅ.

ಬುಧವಾರ ಊಟದ ಹೊತ್ತು ಕಳೆದ ಮೇಲೆ ಆ ಹಾಳೆಯನ್ನು ತಾವೇ ಹಿಡಿದು ಸಾಹೇಬರು ನೆಲಮಾಳಿಗೆಗೆ ಇಳಿದರು. ಅಂಟಿನ ಹುಳಿ ವಾಸನೆ, ಎತ್ತರದ ಸಣ್ಣ ಕಿಟಕಿಯಿಂದ ಒಂದು ಪಟ್ಟಿ ಬೆಳಕು. ಆ ಕಿಟಕಿಯಲ್ಲಿ ಮೆಟ್ಟಿಲು ಹತ್ತಿ ಇಳಿಯುವವರ ಪಾದಗಳು ಮಾತ್ರ ಕಾಣುತ್ತಿದ್ದವು. ಅದೇ ಮೆಟ್ಟಿಲು. ಮಗಳು ಸತ್ತ ಮಧ್ಯಾಹ್ನ ಬೈಂಡರಣ್ಣ ಇಲ್ಲಿಂದ ಏನೇನು ನೋಡಿದ್ದನೋ. ಸಾಹೇಬರಿಗೆ ಕೇಳುವ ಧೈರ್ಯವಾಗಲಿಲ್ಲ.

ಬೈಂಡರಣ್ಣ ಕೈ ಒರೆಸಿಕೊಂಡು ಹಾಳೆಯನ್ನು ತೆಗೆದುಕೊಂಡ. ಬೆಳಕಿಗೆ ಹಿಡಿದು, ಒಂದೊಂದೇ ಪದಕ್ಕೆ ತುಟಿ ಅಲ್ಲಾಡಿಸುತ್ತ ಓದಿದ. ಹಿಂದೆ ತಿರುಗಿಸಿ ನೋಡಿದ, ಇನ್ನೇನಾದರೂ ಇದೆಯೋ ಎಂದು.

"ಇದರಲ್ಲಿ ನನ್ನ ಮಗಳು ಎಲ್ಲಿದಾಳೆ ಸಾರ್?"

ಸಾಹೇಬರು 'ಘಟನೆ' ಎಂಬ ಪದದ ಮೇಲೆ ಬೆರಳಿಟ್ಟರು.

"ಇಪ್ಪತ್ತೆರಡು ವರ್ಷದಿಂದ ಹೊಲೀತಾ ಇದೀನಿ, ಹಾಳೆ ನೋಡಿದರೆ ಗೊತ್ತಾಗುತ್ತೆ. ಇದು ಬರೆದ ಹಾಳೆ ಅಲ್ಲ, ಖಾಲಿ ಹಾಳೆ." ಬೈಂಡರಣ್ಣ ಮೇಜಿನ ಮೇಲೆ ಜೋಡಿಸಿದ್ದ ಕಂತೆಯನ್ನು ಬಿಡಿಸಿ ತೋರಿಸಿದ. ನಲವತ್ತೇಳರ ಹಿಂದೆ ಒಂದು ಬಿಳಿ ಹಾಳೆಯನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ತೂತನ್ನೂ ಹಾಕಿ ಇಟ್ಟಿದ್ದ. "ಖಾಲಿಯೇ ಹಾಕೋದಾದರೆ ಇದನ್ನೇ ಹೊಲೀತೀನಿ ಬಿಡಿ. ಇದು ಶುದ್ಧವಾಗಾದರೂ ಇದೆ."

ಸಾಹೇಬರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. ಅವರು ಏನು ಹೇಳಬೇಕೆಂದು ಯೋಚಿಸಿ ಬಂದಿರಲಿಲ್ಲ. ಯೋಚಿಸದೆ ಮಾತಾಡಿ ಅವರಿಗೆ ಅಭ್ಯಾಸವೂ ಇರಲಿಲ್ಲ.

"ಅವಳು ಆವತ್ತು ನನ್ನ ಹತ್ತಿರ ಬಂದಿದ್ಲು" ಎಂದರು.

ಬೈಂಡರಣ್ಣನ ಕೈ ಕಂತೆಯ ಮೇಲೆ ನಿಂತಿತು.

"ಬೆಳಿಗ್ಗೆ. ಹತ್ತು ಗಂಟೆ ಹತ್ತು ನಿಮಿಷಕ್ಕೆ. ಅರ್ಜಿ ತುಂಬಿಸಿ ತಂದಿದ್ಲು. ನಾನೊಂದು ಚೀಟಿ ಬರೆದುಕೊಟ್ಟಿದ್ರೆ ಆವತ್ತೇ ಅವಳ ಹೆಸರು ಪಟ್ಟೀಲಿ ಬರ್ತಿತ್ತು. ಬರೀಲಿಲ್ಲ. ಫೋನಲ್ಲಿದ್ದೆ. ನಿನ್ನ ಮಗಳು ಅಂತಲೂ ಗುರುತು ಹತ್ತಲಿಲ್ಲ. ಆಮೇಲೆ ಸಂಜೆ... ಖಾಲಿ ದಿನ ಅಂತ ನೆನಪು ಮಾಡಿಕೊಟ್ಟವನೂ ನಾನೇ. ಯಾರೂ ನನ್ನ ಕೇಳಿರಲಿಲ್ಲ."

ಕಿಟಕಿಯಲ್ಲಿ ಎರಡು ಜೊತೆ ಪಾದಗಳು ಇಳಿದು ಹೋದವು. ಕೊನೆಗೆ ಬೈಂಡರಣ್ಣ ಕೇಳಿದ್ದು ಸಾಹೇಬರು ಹೆದರಿ ಕಾದಿದ್ದ ಪ್ರಶ್ನೆಯಲ್ಲ.

"ಏನಂದ್ಲು?"

"ಆಂ?"

"ಏನಂತ ಕೇಳಿದ್ಲು ಸಾರ್? ಬೆಳಿಗ್ಗೆ ನಾನು ಬೇಗ ಬಂದುಬಿಟ್ಟಿದ್ದೆ. ಅವಳಿನ್ನೂ ತಲೆ ಬಾಚ್ಕೊಳ್ತಾ ಇದ್ಲು. ಏನೂ ಮಾತಾಡಿರಲಿಲ್ಲ ನಾವು."

"ಸರ್, ಕೌಂಟರ್ ಯಾವಾಗ ತೆರೀತಾರೆ, ಅಂದ್ಲು."

"ನೀವೇನಂದ್ರಿ?"

"ಗುರುವಾರ ಬಾ ಅಂದೆ. ಆಯ್ತು ಸರ್ ಅಂದ್ಲು."

ಬೈಂಡರಣ್ಣ ತಲೆಯಾಡಿಸಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಮಗಳ ವಿಷಯದಲ್ಲಿ ತನಗೆ ಗೊತ್ತಿದ್ದದ್ದನ್ನೇ ಮತ್ತೊಬ್ಬರ ಬಾಯಲ್ಲಿ ಕೇಳಿದವನ ಹಾಗಿದ್ದ.

"ಬರ್ತಿದ್ಲು ಸಾರ್" ಎಂದ. "ಹೇಳಿದ ದಿನ ತಪ್ಪಿಸೋಳಲ್ಲ ಅವಳು. ಯಾರಾದ್ರೂ ಬಾ ಅಂದ್ರೆ ಮಳೆಯಿರಲಿ ಜ್ವರವಿರಲಿ, ಹೋಗಿ ನಿಂತುಬಿಡೋಳು."

ಐವತ್ತೆರಡು ಗುರುವಾರ. ಅವಳು ಕಾಡಲು ಬಂದವಳಲ್ಲ. ಬಾ ಎಂದು ಹೇಳಿದವರು ಅವರೇ, ಹೇಳಿದ ದಿನಕ್ಕೆ ಅವಳು ಬಂದು ನಿಂತಿದ್ದಳು. ಒಂದು ಗುರುವಾರವೂ ಅವರು ಉತ್ತರ ಕೊಟ್ಟಿರಲಿಲ್ಲ. ಸಾಹೇಬರು ಮುಖದ ಮೇಲೆ ಕೈಯಿಟ್ಟುಕೊಂಡು ಆ ಸ್ಟೂಲಿನ ಮೇಲೆ ಅತ್ತರು, ಸದ್ದು ಮಾಡಿಯೇ ಅತ್ತರು. ಬೈಂಡರಣ್ಣ ಸಮಾಧಾನ ಮಾಡಲಿಲ್ಲ. ಅದು ಅವನ ಕೆಲಸವೂ ಅಲ್ಲ. ಅಳು ನಿಂತ ಮೇಲೆ ಬಿಳಿ ಹಾಳೆಯನ್ನು ಅವರ ಮುಂದೆ ಸರಿಸಿದ.

"ಈಗ ಹೇಳಿದ್ದನ್ನ ಬರೀರಿ ಸಾರ್."

ಸಾಹೇಬರು ಬರೆದರು. ಅವರ ಬರವಣಿಗೆಯಲ್ಲಿ ವಿಶ್ವವಿದ್ಯಾಲಯವು ಎಂದು ಶುರುವಾಗದ ವಾಕ್ಯವೇ ಇರುತ್ತಿರಲಿಲ್ಲ. ಈ ಹಾಳೆ ನಾನು ಎಂದು ಶುರುವಾಯಿತು. ನಡುವೆ ಎರಡು ಕಡೆ ಹೊಡೆದುಹಾಕಿದರು, ಒಂದು ಕಡೆ ಶಾಯಿ ಹರಡಿತು. ಇಷ್ಟು ಸುಕ್ಕುಗಟ್ಟಿದ ಬರಹವನ್ನು ಅವರು ಜನ್ಮದಲ್ಲಿ ಬರೆದಿರಲಿಲ್ಲ.

"ಓದಿ" ಎಂದ ಬೈಂಡರಣ್ಣ. "ಓದದೆ ಹೊರಡೋ ಹಾಗಿಲ್ಲವಲ್ಲ."

ಎದ್ದು ನಿಂತು ಓದಿದರು. ಕೇಳುತ್ತಿದ್ದವನು ಕಣ್ಣು ಮುಚ್ಚಲಿಲ್ಲ.

ಓದಿ ಮುಗಿದ ಮೇಲೆ ಬೈಂಡರಣ್ಣ ಹಾಳೆಯನ್ನು ಅದರ ಜಾಗದಲ್ಲಿ ಸೇರಿಸಿ, ಅಂಚು ತಟ್ಟಿ ಸಮ ಮಾಡಿದ. ಆಮೇಲೆ ಗೋಡೆಯ ಕಪಾಟಿನಲ್ಲಿದ್ದ ಹಳೆಯ ನೀಲಿ ಸಂಪುಟಗಳ ಕಡೆ ಗಲ್ಲ ಎತ್ತಿ ತೋರಿಸಿದ. "ಒಂದು ಮಾತು ಸಾರ್. ಓದಿದ ಪುಸ್ತಕದ ಹೊಲಿಗೆ ಸಡಿಲ ಆಗುತ್ತೆ, ದುರಸ್ತಿಗೆ ಬರುತ್ತೆ. ಇವುಗಳಲ್ಲಿ ಒಂದಾದರೂ ದುರಸ್ತಿಗೆ ನನ್ನ ಮೇಜಿಗೆ ವಾಪಸ್ ಬಂದಿಲ್ಲ. ಯಾರೂ ತೆಗೆದೇ ನೋಡಿಲ್ಲ. ನಾನು ಇದನ್ನ ಗಟ್ಟಿಯಾಗಿ ಹೊಲಿದು ಕೊಡ್ತೀನಿ, ಅಲ್ಲೇ ಇರುತ್ತೆ ನೂರು ವರ್ಷ." ದಬ್ಬಣಕ್ಕೆ ದಾರ ಪೋಣಿಸುತ್ತ ಕೇಳಿದ. "ಬೋರ್ಡಿಗೂ ಒಂದು ಪ್ರತಿ ಹೋಗುತ್ತಲ್ಲವಾ?"

ಸಾಹೇಬರು ಮರೆತಿದ್ದರು ಎನ್ನಲಾಗದು. ಒಂದು ಕ್ಷಣ, ಇಲ್ಲಿಗೇ ಮುಗಿಯಿತು ಎಂದು ಹಾಯೆನಿಸಿದ್ದು ನಿಜ. ಆ ನಿರಾಳದ ಗುರುತು ಅವರಿಗೆ ಚೆನ್ನಾಗಿಯೇ ಇತ್ತು. ನಲವತ್ತೇಳನ್ನು ಓದಿ ಮುಗಿಸಿದ ಸಂಜೆ ಆದದ್ದೂ ಅದೇ.

"ಹೋಗುತ್ತೆ" ಎಂದರು.

ಗುರುವಾರ ಬೆಳಿಗ್ಗೆ ನೋಂದಣಿ ಕೌಂಟರಿನ ಮುಂದೆ ಸಾಲು ಹೊರಗಿನ ಮರದವರೆಗೂ ಬೆಳೆದಿತ್ತು. ಎಲ್ಲರ ಕೈಯಲ್ಲೂ ಹಳದಿ ಅರ್ಜಿ. ಸಾಲಿನ ನಡುವೆ ಎಲ್ಲೋ ಅವರ ಮಗಳೂ ಇದ್ದಳು, ಅಪ್ಪ ಬರುವುದನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದಳು. ಸಾಹೇಬರು ರಾತ್ರಿ ಹೆಂಡತಿಗೆ ಎಲ್ಲವನ್ನೂ ಹೇಳಿದ್ದರು. ಅವಳು ಬೆಳಿಗ್ಗೆ ಅವರ ಅಂಗಿಯ ಗುಂಡಿಯೊಂದನ್ನು ಗಟ್ಟಿಮಾಡಿ ಕೊಟ್ಟಿದ್ದಳು. ನಾಳೆಯಿಂದ ಆ ಅಂಗಿ ಹಾಕಿಕೊಂಡು ಹೋಗಲು ಜಾಗವಿರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಬೋರ್ಡಿನ ಮೇಲಿದ್ದ ಮುಕ್ತ ಮನಸ್ಸಿನ ಹಾಳೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ತಾವು ಕೈಯಲ್ಲೇ ಪ್ರತಿ ಮಾಡಿದ ಹಾಳೆಯನ್ನು ನಾಲ್ಕು ಪಿನ್ನು ಚುಚ್ಚಿ ಹಾಕಿದರು. ಒಂದು ಪಿನ್ನು ಕೆಳಗೆ ಬಿತ್ತು, ಬಗ್ಗಿ ಹುಡುಕಿ ಮತ್ತೆ ಚುಚ್ಚಿದರು. ಹತ್ತಿರವಿದ್ದ ನಾಲ್ಕೈದು ಮಂದಿ ಮುಂದೆ ಬಂದು ಓದತೊಡಗಿದರು.

"ನಾನು ಈ ವಿಶ್ವವಿದ್ಯಾಲಯದ ಪ್ರಕಟಣಾಧಿಕಾರಿ. ಕಳೆದ ವರ್ಷ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ನಮ್ಮ ವಿದ್ಯಾರ್ಥಿನಿಯೊಬ್ಬಳು ನೋಂದಣಿಗೆಂದು ನನ್ನ ಬಾಗಿಲಿಗೆ ಬಂದಿದ್ದಳು. ನಾನು ಅವಳನ್ನು ವಾಪಸು ಕಳಿಸಿದೆ. ಅದೇ ಮಧ್ಯಾಹ್ನ ಅವಳು ಗ್ರಂಥಾಲಯದ ಬೀಗ ಹಾಕಿದ ಗೇಟಿನಲ್ಲಿ ಸತ್ತಳು. ಅದೇ ಸಂಜೆ ಅವಳು ನಮ್ಮವಳಲ್ಲ ಎಂದು ನಾನು ಬರೆದೆ. 47ನೇ ಪ್ರಕಟಣೆ ಸುಳ್ಳು."

ಸಾಲಿನಲ್ಲಿ ಮಾತು ಹಿಂದಕ್ಕೆ ಹಿಂದಕ್ಕೆ ಹೋಗಿ ನಿಂತಿತು. ಯಾರೋ ಗಟ್ಟಿಯಾಗಿ ಓದಲು ಶುರುಮಾಡಿದರು. ಅದು ಮಗಳ ದನಿ ಎಂದು ಸಾಹೇಬರಿಗೆ ತಕ್ಷಣ ತಿಳಿಯಿತು. ಅವರು ಗೋಡೆಯ ಗಡಿಯಾರ ನೋಡಿದರು. ಹತ್ತು ಗಂಟೆ ಹತ್ತು ನಿಮಿಷ. ಬೆನ್ನ ಹಿಂದೆ ಚಪ್ಪಲಿಯ ಸದ್ದು ಬಂದು ನಿಂತಿತು, ಕಾಗದ ಸರಸರ ಎಂದಿತು.

"ಸರ್, ಕೌಂಟರ್ ಯಾವಾಗ ತೆರೀತಾರೆ?"

ಸಾಲಿನಲ್ಲಿ ಇನ್ನೂರು ಹುಡುಗಿಯರಿದ್ದರು, ಅವರಲ್ಲಿ ಯಾರು ಬೇಕಾದರೂ ಕೇಳಿರಬಹುದು. ಸಾಹೇಬರು ತಿರುಗಿ ನೋಡಲಿಲ್ಲ.

"ತೆರೆದಿದೆ ಕಣಮ್ಮ" ಎಂದರು. "ಹೋಗು, ಮೊದಲು ನಿನ್ನ ಹೆಸರು ಬರೆಸು."

"ಆಯ್ತು ಸರ್."

ಮೇಲೆ ಅವರ ಕೋಣೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಸಾಹೇಬರು ಕಣ್ಣು ಒರೆಸಿಕೊಂಡು, ಅದನ್ನು ಎತ್ತಲು ಮೆಟ್ಟಿಲು ಹತ್ತಿದರು.